ಯಾರೂ ಸಾಯದ ಹೆಸರು

ಹುಮನಾಬಾದಿನ ನಾಕಾದಲ್ಲಿ, ಹೈದರಾಬಾದಿಗೂ ಮುಂಬೈಗೂ ಲಾರಿಗಳು ಓಡುವ ದಾರಿಯ ಬದಿಗೆ, ಸವೆದ ಟೈರುಗಳ ಕೋಟೆ ಕಟ್ಟಿಕೊಂಡು ಆಳುತ್ತಿದ್ದವನು ಪಂಕ್ಚರ್ ಕಚರಪ್ಪ. ಅವನ ಸೈನ್ಯವೆಂದರೆ ಒಂದು ಜಾಕು, ಒಂದು ಜೊತೆ ಸಲಾಕೆ, ಟ್ಯೂಬು ಮುಳುಗಿಸುವ ನೀರಿನ ಬೋಗುಣಿ. ಆದರೆ ಅವನು ಯುದ್ಧ ಹೂಡಿದ್ದು ಸಾಕ್ಷಾತ್ ಯಮಧರ್ಮರಾಯನ ಮೇಲೆ. ಯಾರು ಗೆದ್ದರೆಂದು ಹೇಳಬೇಕಾಗಿಲ್ಲ. ಅವನು ಬಳಸಿದ ಆಯುಧವನ್ನು ಮಾತ್ರ ಅವನಿಗಿಂತ ಮೊದಲು ಯಾವ ವೀರನೂ ಕೈಗೆತ್ತಿಕೊಂಡಿರಲಿಲ್ಲ.

ಮೊದಲು ಅವನ ಹೆಸರಿನ ಸಂಗತಿ. ಕೊಡಂಬಲದ ಅವನ ಮನೆಯಲ್ಲಿ ಕೂಸುಗಳು ಬಂದಷ್ಟೇ ಬೇಗ ಹೋಗುತ್ತಿದ್ದವು. ಅಂಥ ಮನೆಗಳಿಗೆ ನಮ್ಮ ಕಡೆ ಒಂದು ಉಪಾಯವಿದೆ. ಕೂಸನ್ನು ತಿಪ್ಪೆಯ ಮೇಲೆ ಒಮ್ಮೆ ಹೊರಳಿಸಿ, ಮೊರದಲ್ಲಿ ಎತ್ತಿ ತಂದು, ಸಾವಿಗೂ ಮೂಗು ಮುಚ್ಚಿಕೊಳ್ಳಬೇಕೆನಿಸುವ ಹೆಸರಿಡುವುದು. ಹಾಗೆ ಉಳಿದ ಮೊದಲ ಮಗಳು ಧೂಳಮ್ಮ. ಅವಳ ಬೆನ್ನಿಗೆ ಹುಟ್ಟಿದವನು ಗಂಡು. ಅವನಿಗೆ ಬರೀ ಧೂಳು ಸಾಲದೆಂದು ಊರ ಕಸವನ್ನೆಲ್ಲ ಒಟ್ಟುಗೂಡಿಸಿ ಕಚರಪ್ಪ ಎಂದರು. ಇಬ್ಬರೂ ಜ್ವರವೆಂದರೇನೆಂದು ತಿಳಿಯದೆ ಬೆಳೆದರು.

ಬೆಳೆದ ಮೇಲೆ ಹೆಸರು ಕಚ್ಚತೊಡಗಿತು. ಐವತ್ತಾರನೆಯ ಇಸವಿಯಲ್ಲಿ ಕಲ್ಯಾಣಿಯ ಗಯಾಬಾಯಿಯ ಜೊತೆ ಅವನ ಮದುವೆಯಾಯಿತು. ಮದುಮಗಳು ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕಲ್ಲ? ಪಾಪ, ಹುಡುಗಿ ಮಲ್ಲಿಗೆ, ಬೆಳ್ಳಿಬಟ್ಟಲು, ಹುಣ್ಣಿಮೆ ಎಲ್ಲವನ್ನೂ ಸಾಲಾಗಿ ನಿಲ್ಲಿಸಿ, ಕೊನೆಗೆ ಕಚರಾ ಎಂದು ಸುರಿಯಬೇಕಾಯಿತು. ಚಪ್ಪರವೇ ನಕ್ಕಿತು. ಧೂಳಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ಕಚರಪ್ಪ ಬಾಸಿಂಗದ ಹಿಂದೆಯೇ ಶಪಥ ಮಾಡಿದ: ನನ್ನ ಮಗನಿಗೆ ಕಸದ ಹೆಸರಿಡಲಾರೆ. ಅದೇ ವರ್ಷ ಕಲ್ಯಾಣಿ ಹೋಗಿ ಬಸವಕಲ್ಯಾಣವಾಯಿತು, ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಕಡೆಯವರೆಲ್ಲ ಬೆಳಗಾಗುವುದರೊಳಗೆ ಮೈಸೂರಿನವರಾದರು. ಊರುಗಳಿಗೇ ಹೊಸ ಹೆಸರು ಸಿಗುವ ಕಾಲದಲ್ಲಿ ಒಂದು ಕೂಸಿಗೆ ಸಿಗದೆ ಹೋದೀತೆ ಎಂಬುದು ಅವನ ಧೈರ್ಯ.

ಚೊಚ್ಚಲ ಮಗನಿಗೆ ಪದ್ಧತಿಯಂತೆ ಅಜ್ಜನ ಹೆಸರಿಟ್ಟ: ಮಾಣಿಕಪ್ಪ. ಮಳೆಗಾಲದಲ್ಲಿ ವಾಂತಿಭೇದಿ ಬಂತು, ಮಾಣಿಕ ಮಣ್ಣಾಯಿತು. ಎರಡನೆಯವನಿಗೆ ಯಮನೂ ಹೆದರಲಿ ಎಂದು ಮಹಾರುದ್ರಪ್ಪ ಎಂದರು. ಯಮ ಹೆದರಲಿಲ್ಲ. ಮತ್ತೊಂದು ಮಳೆಗಾಲ, ಅದೇ ಭೇದಿ.

ಧೂಳಮ್ಮನನ್ನು ರಾಜೇಶ್ವರಕ್ಕೆ ಕೊಟ್ಟಿದ್ದರು. ಅವಳು ಬಸ್ಸಿಳಿದು ನೇರ ಟೈರಿನ ಕೋಟೆಗೇ ಬಂದಳು.

"ಮೂರನೇದಕ್ಕರ ನನ್ನ ಮಾತ ಕೇಳು ತಮ್ಮಾ. ತಿಪ್ಪಿ ಮ್ಯಾಲ ಹೊರಳಸೂಣು. ನಿನಗ ಕಚರಾ ಅಂದದ್ದಕ್ಕ ಏನ ಕಡಿಮಿ ಆಗ್ಯಾದ? ಎಮ್ಮಿಹಂಗ ಇದ್ದೀ."

"ಏ ಅಕ್ಕಾ, ನನ್ನ ಮಗನ ಒಡಪಿಗೂ ಮಂದಿ ನಗಬೇಕೇನು?"

"ನಗಲಿ. ನಗ್ಲಿಕ್ಕೆ ಅಂವ ಮದುವಿತನಕ ಇರಬೇಕಲ್ಲೊ, ಮಳ್ಳಾ!"

ಕಚರಪ್ಪ ಮಣಿಯಲಿಲ್ಲ. ಟ್ಯೂಬಿನ ತೂತು ಹುಡುಕುವವನಿಗೆ ಗುಳ್ಳೆ ಏಳುವ ಜಾಗ ತಿಳಿಯುತ್ತದೆ. ಹಾಗೆ ಅವನಿಗೆ ತನ್ನ ದುರ್ದೆಸೆಯ ತೂತು ಹೊಳೆಯಿತು. ಮಾಣಿಕಪ್ಪ ಎಂಬ ಅಜ್ಜನನ್ನು ಸಾವು ಅದಾಗಲೇ ಒಮ್ಮೆ ಕರೆದೊಯ್ದಿತ್ತು. ಮಹಾರುದ್ರಪ್ಪ ಎಂಬುವರು ತಾಲ್ಲೂಕಿನಲ್ಲಿ ಎಷ್ಟು ಮಂದಿ ಸತ್ತಿದ್ದರೋ. ಆ ಹೆಸರುಗಳ ರುಚಿ ಸಾವಿಗೆ ಹತ್ತಿತ್ತು. ಆದ್ದರಿಂದ ಬೇಕಾದದ್ದು ಒಂದೇ: ಇದುವರೆಗೆ ಯಾರೂ ಸಾಯದ ಹೆಸರು. ಯಮದೂತರು ಬಂದು ಕೂಗಲು ನಾಲಿಗೆ ಹೊರಳದೆ ವಾಪಸು ಹೋಗಬೇಕು.

ಅರವತ್ತಮೂರರ ಬೇಸಿಗೆಯಲ್ಲಿ, ಬಸವಕಲ್ಯಾಣದ ತವರಿನಲ್ಲಿ, ಗಯಾಬಾಯಿಗೆ ಮೂರನೆಯ ಗಂಡು ಹುಟ್ಟಿತು. ತೊಟ್ಟಿಲ ದಿನ ಸೋದರತ್ತೆ ಕೂಸಿನ ಕಿವಿಗೆ ಬಾಯಿಟ್ಟು, ಮೊದಲು ಕುರ್ ಎಂದು ಊದಿ, ಆಮೇಲೆ ಹೆಸರು ಹೇಳಬೇಕು. ಅವಳು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಧೂಳಮ್ಮ ಕುಬುಸದ ಖಣ ಹಿಡಿದು ಸಿದ್ಧಳಾಗಿಯೇ ಬಂದಿದ್ದಳು. ಕಚರಪ್ಪ ತೊಟ್ಟಿಲಿಗೆ ಅಡ್ಡ ನಿಂತ.

"ಹೆಸರ ಸಿಗೂತನಕ ತಡಿ ಅಕ್ಕಾ. ಹುಡುಕಾಕತ್ತೇನಿ."

ಅಷ್ಟಕ್ಕೇ ನಿಲ್ಲದೆ ಮನೆಗೆಲ್ಲ ಫರ್ಮಾನು ಹೊರಡಿಸಿದ: ಕೂಸನ್ನು ಬಾಳ್ಯಾ, ಪುಟ್ಯಾ, ರಾಜಾ ಎಂದು ಯಾರೂ ಕರೆಯಬಾರದು. ಕರೆದದ್ದೇ ಹೆಸರಾಗಿ ಅಂಟಿಬಿಟ್ಟರೆ? ಹೆಣ್ಣು ಕೊಟ್ಟ ಅತ್ತೆ ಜಿಜಾಬಾಯಿ ಹಣೆ ಬಡಿದುಕೊಂಡಳು. ಗಯಾಬಾಯಿ ನಾಲಿಗೆಯಿಂದ ಲೊಚ್ ಲೊಚ್ ಎಂದು ಸದ್ದು ಮಾಡಿ ಮಗನನ್ನು ಕರೆಯುವುದನ್ನು ಕಲಿತಳು. ಕೂಸು ಆ ಸದ್ದಿಗೆ ಕತ್ತು ಹೊರಳಿಸಿ ನಗುವುದನ್ನು ಕಲಿಯಿತು.

ಇತ್ತ ನಾಕಾದಲ್ಲಿ ದಿಗ್ವಿಜಯ ಆರಂಭವಾಯಿತು. ಚಕ್ರ ಬಿಚ್ಚುವ ಮೊದಲು ಕಚರಪ್ಪ ಡ್ರೈವರನ ಹೆಸರು ಕೇಳುವನು, ಆಮೇಲೆ ಅರ್ಥ, ಆಮೇಲೆ ಆ ಭಯಂಕರ ಪ್ರಶ್ನೆ. ಪಂಜಾಬಿನ ಗುಲ್ಜಾರಾ ಸಿಂಗ್ ತನ್ನ ಹೆಸರೆಂದರೆ ಹೂದೋಟ ಎಂದು ಮೀಸೆ ತಿರುವಿದ. ಆ ಹೆಸರಿನವರು ಯಾರಾದರೂ ಸತ್ತಿದ್ದಾರೆಯೇ ಎಂದಾಗ ಚಪ್ಪಲಿಗೆ ಕೈಹಾಕಿದ. ಮರುಗಳಿಗೆ, ಅದೇ ಹೆಸರಿನ ತಾತ ಹೋಗಿ ತಿಂಗಳಾಗಿಲ್ಲವೆಂದು ಟೈರಿನ ಮೇಲೆ ಕುಳಿತು ಅತ್ತ. ಪುಣೆಯ ಕಡೆಯ ಪಾರಸಿ ಮುದುಕರೊಬ್ಬರು ಮೋಟಾರಿನಿಂದ ಇಳಿಯದೆಯೇ ಅರ್ದೇಶಿರ್ ಎಂದರು: ಸತ್ಯದಿಂದ ರಾಜ್ಯವಾಳುವವನು, ಇರಾನದ ದೊರೆಗಳ ಹೆಸರು.

"ಆ ದೊರಿಗೋಳು ಈಗ ಎಲ್ಲ್ಯಾರ್ರಿ ಸಾಹೇಬ?"

ಮುದುಕರು ಕನ್ನಡಕ ತೆಗೆದು ಒರೆಸಿಕೊಂಡು, ಬೇಗ ಚಕ್ರ ಹಾಕೆಂದರು.

ಕೇರಳದ ಕುರಿಯಾಕೋಸನ ಹೆಸರು ಕೇಳಿದಾಗ ಕಚರಪ್ಪನ ಎದೆ ಹಿಗ್ಗಿತು. ಬೀದರ್ ಜಿಲ್ಲೆಯಲ್ಲಿ ಇಂಥದ್ದು ಹುಟ್ಟಿಯೂ ಇಲ್ಲ, ಸತ್ತೂ ಇಲ್ಲ. ಅರ್ಥ: ದೇವರಿಗೆ ಸೇರಿದವನು. ಪಕ್ಕದ ಚಹಾದಂಗಡಿಯ ಅಬ್ದುಲ್ ಕರೀಂ ಬಸಿಯಲ್ಲಿ ಚಹಾ ಸುರಿಯುತ್ತ ಹೇಳಿದ, "ಕುರಿ ಅಂತ ಶುರು ಆಗ್ತದ ಭಾಯಿ. ಸಾಲ್ಯಾಗ ಪೋರಗೋಳು ಬ್ಯಾ ಅಂತಾವ."

"ಅನ್ನಲಿ. ಜೀವ ಉಳದರ ಸಾಕು." ಆಮೇಲೆ ಡ್ರೈವರನತ್ತ ತಿರುಗಿ ತನ್ನ ಪ್ರಶ್ನೆ ಕೇಳಿದ.

ಕುರಿಯಾಕೋಸ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಅದು ತಮ್ಮ ಇಗರ್ಜಿಯ ಸಂತನ ಹೆಸರಂತೆ. ಮೂರೇ ವರ್ಷದ ಕೂಸಂತೆ. ಅಧಿಕಾರಿಯೊಬ್ಬ ತಾಯಿಯ ಕಣ್ಣೆದುರೇ ಕೊಂದನಂತೆ. ಕಚರಪ್ಪ ಚಹಾದವನತ್ತ ತಿರುಗಿದ.

"ನಿನ್ನ ಹೆಸರ ಕೊಡು ಕರೀಂ ಭಾಯಿ."

"ನನ್ನದಾ? ದಾತನ ಗುಲಾಮ ಅಂತ ಅರ್ಥ. ಕಬರಸ್ತಾನಕ್ಕ ಹೋಗಿ ನೋಡು, ಕಾಲಿಗಿ ನಾಕು ಅಬ್ದುಲ್ ಕರೀಂ ತೊಡರ್ತಾವ. ಒಂದು ಕೆಲಸ ಮಾಡು. ಡನ್ಲಪ್ಪ ಅಂತ ಇಡು. ಟಾಯರಿನ ಮ್ಯಾಲ ಬರದೇ ಅದ, ಅಪ್ಪಾನೂ ಅದ!"

ಅಂಗಡಿಯೆಲ್ಲ ನಕ್ಕಿತು. ಕಚರಪ್ಪ ನಗಲಿಲ್ಲ. ಸಂಜೆಯವರೆಗೂ ಡನ್ಲಪ್ಪ, ಡನ್ಲಪ್ಪ ಎಂದು ಬಾಯಲ್ಲಿ ಉರುಳಿಸಿದ. ಆಮೇಲೆ ಕಣ್ಣೆತ್ತಿ ತನ್ನ ಕೋಟೆಯನ್ನು ನೋಡಿದ. ಸತ್ತ ಡನ್ಲಪ್ಪಗಳು ಆಳೆತ್ತರಕ್ಕೆ ಬಿದ್ದಿದ್ದವು.

ಅಷ್ಟರಲ್ಲಿ ಮಳೆ ಹಿಡಿಯಿತು. ಬಸವಕಲ್ಯಾಣದಿಂದ ಬಸ್ಸಿನವರ ಕೈಲಿ ಸುದ್ದಿ ಬಂತು: ಕೂಸಿಗೆ ಭೇದಿ. ಕಚರಪ್ಪ ಹೋಗಿ ಮುಟ್ಟುವಾಗ ಮಗನ ಕಣ್ಣು ಒಳಗೆ ಸೇರಿತ್ತು. ಅರಿವೆಯಲ್ಲಿ ಸುತ್ತಿ ದವಾಖಾನೆಗೆ ಓಡಿದರು. ಕಂಪೌಂಡರ್ ಹೆಸರು ಕೇಳಿದ.

"ಇನ್ನಾ ಇಟ್ಟಿಲ್ರಿ."

"ಐದು ತಿಂಗಳ ಕೂಸಿಗಿ ಹೆಸರಿಲ್ಲ? ಏನರ ಒಂದು ಹೇಳೊ, ಚೀಟಿ ಬರೀಬೇಕು."

ಹೂದೋಟ, ಇರಾನದ ದೊರೆ, ದೇವರಿಗೆ ಸೇರಿದವನು, ಎಲ್ಲವೂ ಕಚರಪ್ಪನ ಬಾಯಿಗೆ ಬಂದವು. ಎಲ್ಲದರ ಹಿಂದೆ ಒಂದೊಂದು ಹೆಣವಿತ್ತು. ಕಂಪೌಂಡರ್ ಬೇಸತ್ತು 'ಕಚರಪ್ಪನ ಕೂಸು' ಎಂದು ಬರೆದುಕೊಂಡ. ಡಾಕ್ಟರು ಹೊಟ್ಟೆಯ ಚರ್ಮ ಚಿವುಟಿದರು. ಅದು ಹಾಗೆಯೇ ಎದ್ದು ನಿಂತಿತು.

"ನೀರು ಕುಡಿಸಿದಿರಾ?"

"ಭೇದಿ ಹತ್ತಿದ ಕೂಸಿಗಿ ನೀರ ಯಾರ ಕುಡಸ್ತಾರ್ರಿ?" ಎಂದಳು ಜಿಜಾಬಾಯಿ. "ಮದಲಿನ ಎರಡಕ್ಕೂ ಹನಿ ಕೊಟ್ಟಿಲ್ಲ."

ಡಾಕ್ಟರು ಸೂಜಿ ಹುಡುಕತೊಡಗಿದರು. ಸೂಜಿ ಸಿಕ್ಕಿತು, ಚುಚ್ಚಲು ನರ ಸಿಗಲಿಲ್ಲ.

ಮನೆಯಂಗಳದಲ್ಲಿ ಹೆಂಗಸರು ಸೇರಿದರು. ನಮ್ಮ ಕಡೆ ಅಳು ಹೆಸರಿನಿಂದಲೇ ಏಳುತ್ತದೆ. ಸತ್ತವರ ಹೆಸರು ಹಿಡಿದು ಕೂಗಿದರೆ ತಾನೇ ಎದೆ ಒಡೆದು ಹಗುರಾಗುವುದು? ಗಯಾಬಾಯಿ ಬಾಯಿ ತೆರೆದಳು. ಏನೂ ಬರಲಿಲ್ಲ. ಗಂಡನ ಅಂಗಿ ಹಿಡಿದು ಜಗ್ಗಿದಳು.

"ಏನಂತ ಕರದು ಅಳ್ಲಿ? ಹೇಳು. ನಾ ಏನಂತ ಕರದು ಅಳ್ಲಿ?"

ಯಮನ ನಾಲಿಗೆ ಹೊರಳದಂತೆ ಮಾಡಹೊರಟವನು ಹೆಂಡತಿಯ ನಾಲಿಗೆಯನ್ನು ಹಾಗೆ ಮಾಡಿದ್ದ. ಅವಳು ಕೂಸಿನ ಮುಖದ ಮೇಲೆ ಬಾಗಿ ಲೊಚ್ ಲೊಚ್ ಎಂದಳು. ಕತ್ತು ಹೊರಳಲಿಲ್ಲ. ಮತ್ತೆ ಲೊಚ್ ಲೊಚ್ ಎಂದಳು.

ರಾಜೇಶ್ವರದಿಂದ ಧೂಳಮ್ಮ ಬಂದಾಗ ಕುಣಿ ತೋಡಿ ಆಗಿತ್ತು. ಅವಳು ಬಂದವಳೇ ಕೂಸನ್ನು ಎತ್ತಿಕೊಂಡು, ಸೆರಗು ಮರೆಮಾಡಿ, ಕಿವಿಗೆ ಬಾಯಿಟ್ಟಳು. ಅಂತೂ ಸೋದರತ್ತೆ ಹೆಸರಿಟ್ಟಳು ಎಂದರು ಹೆಂಗಸರು. ಏನೆಂದು ಮಾತ್ರ ಅವಳು ಯಾರಿಗೂ ಹೇಳಲಿಲ್ಲ.

ಆಮೇಲೆ ಗಯಾಬಾಯಿಗೆ ಮಕ್ಕಳಾಗಲಿಲ್ಲ. ಕಚರಪ್ಪ ಡ್ರೈವರುಗಳ ಹೆಸರು ಕೇಳುವುದನ್ನು ಬಿಟ್ಟ. ಅವನ ದಂಡಯಾತ್ರೆ ಈಗ ರಾಜೇಶ್ವರಕ್ಕೆ ಮಾತ್ರ. ದೀಪಾವಳಿಗೊಮ್ಮೆ, ಪಂಚಮಿಗೊಮ್ಮೆ ಹೋಗಿ ಅಕ್ಕನ ಒಲೆಯ ಮುಂದೆ ಕೂತು ಕೇಳುವನು: "ಏನ ಹೆಸರ ಇಟ್ಟೀ?" ಅವಳು ರೊಟ್ಟಿ ತಟ್ಟುತ್ತ, "ಉಣ್ಣು" ಎನ್ನುವಳು. ಮೈಸೂರು ರಾಜ್ಯ ಕರ್ನಾಟಕವಾಯಿತು. ಗಯಾಬಾಯಿಯ ಕೂದಲು ನರೆಯಿತು. ಅಕ್ಕನ ಮನೆಯಿಂದ ಅವನು ಮರಳಿದಾಗಲೆಲ್ಲ ಅವಳು ಬಾಗಿಲಲ್ಲಿ ನಿಂತು ಅವನ ಮುಖ ನೋಡುವಳು. ನೋಡಿ ಒಳಗೆ ಹೋಗುವಳು.

ಎಂಬತ್ತನಾಲ್ಕನೆಯ ಇಸವಿಯಲ್ಲಿ ಧೂಳಮ್ಮ ಹಾಸಿಗೆ ಹಿಡಿದಳು. ಕಚರಪ್ಪ ಹೋಗಿ ಅವಳ ಬಾಯಿಗೆ ಕಿವಿಯಿಟ್ಟ.

"ಈಗರ ಹೇಳು ಅಕ್ಕಾ. ಆಕಿ ಒಮ್ಮೆ ಕರದು ಅಳ್ಲಿ."

ಧೂಳಮ್ಮ ತಮ್ಮನ ಕೈ ಹಿಡಿದುಕೊಂಡಳು.

"ಕುರ್ ಅಂದೆನೊ. ಕಚರಾ ಅಂತನೇ ಇಡಬೇಕಂತ ಬಂದಿದ್ದೆ. ಸತ್ತದ್ದಕ್ಕ ಆ ಹೆಸರ ಯಾಕ ಅನಸ್ತು. ಬ್ಯಾರೆ ಯಾವದೂ ಬಾಯಿಗಿ ಬರಲಿಲ್ಲ. ಬರೇ ಕುರ್ ಅಂದು ಕೆಳಗಿಟ್ಟೆ."

ಮರುದಿನ ಅವಳು ಹೋದಳು. ರಾಜೇಶ್ವರದ ಹೆಂಗಸರು ಸುತ್ತ ಕೂತು, ಧೂಳಮ್ಮಾ, ನಮ್ಮ ಧೂಳಮ್ಮಾ ಎಂದು ಕೂಗಿ ಕೂಗಿ ಅತ್ತರು. ಹುಮನಾಬಾದಿನಿಂದ ಬಂದಿದ್ದ ಗಯಾಬಾಯಿಯೂ ಅವರ ನಡುವೆ ಕೂತು ಅದೇ ಹೆಸರು ಹಿಡಿದು ಅತ್ತಳು, ಇಪ್ಪತ್ತು ವರ್ಷದಿಂದ ಕಟ್ಟಿಕೊಂಡಿದ್ದನ್ನೆಲ್ಲ ಸುರಿದು ಅತ್ತಳು. ನಾದಿನಿಯ ಮೇಲೆ ಇವಳಿಗೆ ಇಷ್ಟು ಜೀವವಿತ್ತೇ ಎಂದು ಜನ ಬೆರಗಾದರು. ಕಚರಪ್ಪ ಕಂಬಕ್ಕೊರಗಿ ಕೂತಿದ್ದ. ಗಯಾಬಾಯಿಗೆ ಹೇಳಲು ಅವನ ಬಳಿ ಇನ್ನೂ ಒಂದು ಹೆಸರೂ ಇರಲಿಲ್ಲ.