ಕತ್ತು ಬಗ್ಗಿಸುವ ಕ್ಯಾಮೆರಾ

ನನ್ನ ಹತ್ತಿರ ಎರಡು ರೀಲು ಕ್ಯಾಮೆರಾಗಳಿವೆ. ಒಂದು ಸಣ್ಣದು, ಒಂದು ದೊಡ್ಡದು. ಎರಡರಲ್ಲೂ ನನಗೆ ಫೋಟೋ ತೆಗೆಯಲು ಬರುವುದಿಲ್ಲ. ಆದರೆ ಎರಡರಲ್ಲಿ ಯಾವುದು ಮೇಲು ಅಂತ ಕೇಳಿ ನೋಡಿ, ನೆಲಮಂಗಲದಲ್ಲಿ ಬಸ್ ಹತ್ತಿದವನು ಸೋಂಪುರದ ನಮ್ಮ ಸ್ಕೂಲು ಬರುವವರೆಗೂ ಬಾಯಿ ಮುಚ್ಚುವುದಿಲ್ಲ. ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಉಳಿದ ಮೇಷ್ಟ್ರುಗಳು ಕಂಬಿ ಹಿಡಿದು ನಿಂತೇ ಬರುವುದು ಇದಕ್ಕೇ ಎಂದು ನನ್ನ ಹೆಂಡತಿ ಮಂಜುಳ ಹೇಳುತ್ತಾಳೆ.

ಸಣ್ಣದು ಮೂವತ್ತೈದು ಎಂಎಂನದು, ರೀಲಿಗೆ ಮೂವತ್ತಾರು ಫೋಟೋ. ಕಣ್ಣಿಗೆ ಹಚ್ಚಿ ಒತ್ತುತ್ತಾ ಹೋದರಾಯಿತು, ಹತ್ತು ಕೆಟ್ಟರೂ ಒಂದಾದರೂ ನೆಟ್ಟಗಿರುತ್ತದೆ ಎಂಬ ಆಸೆ. ದೊಡ್ಡದು ಮೀಡಿಯಂ ಫಾರ್ಮ್ಯಾಟ್. ರೀಲು ಅಗಲ, ಚಿತ್ರ ಚೌಕ, ಹನ್ನೆರಡಕ್ಕೆ ಕತೆ ಮುಗಿಯಿತು. ಸಣ್ಣ ರೀಲಿನ ಫೋಟೋವನ್ನು ತುಂಬಾ ಹಿಗ್ಗಿಸಿದರೆ ಮುಖದ ಮೇಲೆ ರಾಗಿ ಚೆಲ್ಲಿದ ಹಾಗೆ ಕಾಳುಕಾಳಾಗಿ ಕಾಣುತ್ತದೆ. ದೊಡ್ಡದರದ್ದು ಗೋಡೆಯಷ್ಟು ಹಿಗ್ಗಿಸಿದರೂ ಹುಬ್ಬಿನ ಕೂದಲು ಎಣಿಸಬಹುದು. ಗೋಡೆಯಷ್ಟು ಹಿಗ್ಗಿಸುವಂಥ ಫೋಟೋವನ್ನು ನಾನು ತೆಗೆದೇ ಇರಲಿಲ್ಲ, ಆ ಮಾತು ಬೇರೆ.

ಇನ್ನೊಂದು ವಿಷಯವಿದೆ. ನನ್ನ ದೊಡ್ಡ ಕ್ಯಾಮೆರಾವನ್ನು ಕಣ್ಣಿಗೆ ಹಚ್ಚುವ ಹಾಗಿಲ್ಲ. ಆ ಡಬ್ಬವನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಮುಚ್ಚಳ ತೆಗೆದು, ಬಾವಿಗೆ ಇಣುಕುವವರ ಹಾಗೆ ಕತ್ತು ಬಗ್ಗಿಸಿ ಗಾಜಿನಲ್ಲಿ ನೋಡಬೇಕು. ನನ್ನ ಹೊಟ್ಟೆಯೇನೋ ಇದಕ್ಕೆ ಹೇಳಿ ಮಾಡಿಸಿದ ಸ್ಟ್ಯಾಂಡು. ತೊಂದರೆಯೆಂದರೆ ಒಳಗಿನ ಕನ್ನಡಿಯಿಂದಾಗಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಇದನ್ನೇ ವರ್ಷಾವರ್ಷ ಮಕ್ಕಳಿಗೆ ಪಾಠ ಮಾಡುವ ವಿಜ್ಞಾನದ ಮೇಷ್ಟ್ರು ನಾನು. ಬೋರ್ಡಿನ ಮೇಲೆ ಚೆನ್ನಾಗಿ ಅರ್ಥವಾಗುತ್ತದೆ, ಹೊಟ್ಟೆಯ ಮೇಲೆ ಆಗುವುದಿಲ್ಲ.

ಈಗ ನಮ್ಮ ಅತ್ತೆಯ ವಿಷಯಕ್ಕೆ ಬರುತ್ತೇನೆ. ಮಂಜುಳನ ತಾಯಿ ಕುಂದಾಣದ ಹತ್ತಿರದ ಹಳ್ಳಿಯಲ್ಲಿ ಮಗ ಸೊಸೆ ಮೊಮ್ಮಕ್ಕಳು ಎರಡು ಸೀಮೆಹಸು ಎಲ್ಲವನ್ನೂ ಆಳಿಕೊಂಡಿದ್ದಾರೆ. ಆಳುವ ಗಂಟಲು ಅಳಿಯನ ಮುಂದೆ ಮಾತ್ರ ಏಳುವುದಿಲ್ಲ. ಹಳೇ ಕಾಲದ ಮರ್ಯಾದೆ. ಮದುವೆಯಾದಾಗಿನಿಂದ ನನಗೆ ಬರುವ ಮಾತೆಲ್ಲ ಅಡುಗೆಮನೆಯ ಬಾಗಿಲ ಹಿಂದಿನಿಂದ, ಮಗಳ ಮೂಲಕವೇ. "ಅವರಿಗೆ ಇನ್ನೊಂದು ಮುದ್ದೆ ಬೇಕೇನೋ ಕೇಳೇ" ಅನ್ನುತ್ತಾರೆ, ನಾನು ಅಲ್ಲೇ ತಟ್ಟೆಯ ಮುಂದೆ ಕೂತಿರುತ್ತೇನೆ. ನಗು ಬಂದರಂತೂ ಸೆರಗು ಬಾಯಿಗೆ ಹೋಯಿತು ಅಂತಲೇ ಲೆಕ್ಕ.

ಹೋದ ವರ್ಷ ಅತ್ತೆಯ ಹಲ್ಲುಗಳೆಲ್ಲ ಅಲುಗಾಡತೊಡಗಿ, ದೇವನಹಳ್ಳಿಯ ಹಲ್ಲಿನ ಡಾಕ್ಟರು ಸೋಮವಾರ ಬನ್ನಿ, ಎಲ್ಲ ಕಿತ್ತು ಸೆಟ್ ಕಟ್ಟೋಣ ಎಂದುಬಿಟ್ಟರು. ಅತ್ತೆಗೆ ಏನೂ ಅನ್ನಿಸಲಿಲ್ಲ. ಮಂಜುಳನ ಮುಖ ಸಣ್ಣಗಾಯಿತು. ಅತ್ತೆಯ ಮುಂದಿನ ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ಏರಿ ಕೂತಿತ್ತು. ಅದೇ ಏರುಹಲ್ಲು ಇವಳಿಗೂ ಬಂದಿದೆ. "ಅಮ್ಮನ ನಗು ಅಂದ್ರೆ ಆ ಹಲ್ಲು ಕಣ್ರೀ. ಸೋಮವಾರ ಹೋಯ್ತು ಅಂದ್ರೆ ಹೋಯ್ತು, ಒಂದು ಫೋಟೋದಲ್ಲೂ ಇಲ್ಲ. ಫೋನ್ ಎತ್ತಿದ್ರೆ ಬಾಯಿ ಮುಚ್ಕೊಂಡ್ಬಿಡ್ತಾಳೆ. ಇಷ್ಟು ವರ್ಷ ಆ ಡಬ್ಬಗಳನ್ನ ಒರೆಸ್ಕೊಂಡು ಕೂತಿದ್ದೀರಲ್ಲ, ಇದೊಂದು ಮಾಡ್ಕೊಡಿ" ಎಂದಳು. ಇಷ್ಟು ದಿನ ಯಾರೂ ನನ್ನಿಂದ ಫೋಟೋ ಬೇಕೆಂದು ಕೇಳಿರಲಿಲ್ಲ, ಅದೇ ನನ್ನ ನೆಮ್ಮದಿಯಾಗಿತ್ತು.

ಭಾನುವಾರ ಎರಡೂ ಕ್ಯಾಮೆರಾ ಹೊತ್ತು ಹೋದೆವು. ಮೊದಲು ಸಣ್ಣದು. ಹುಣಸೇಮರದ ಮರೆಯಿಂದ, ಕಿಟಕಿಯಿಂದ, ಟ್ರ್ಯಾಕ್ಟರಿನ ಹಿಂದಿನಿಂದ ಪ್ರಯತ್ನ ಮಾಡಿದೆ. ನನ್ನ ಕ್ಯಾಮೆರಾ ಕಣ್ಣಿಗೆ ಏರುವುದಕ್ಕೂ ಅವರ ಸೆರಗು ಬಾಯಿಗೆ ಏರುವುದಕ್ಕೂ ಸರಿಹೋಗುತ್ತಿತ್ತು. ಮೂವತ್ತಾರೂ ಸೆರಗೇ. ಸೀರೆ ಅಂಗಡಿಯವರಿಗಾದರೂ ಕೊಟ್ಟಿದ್ದರೆ ಉಪಯೋಗಕ್ಕೆ ಬರುತ್ತಿತ್ತು.

ತಪ್ಪು ಅತ್ತೆಯದಲ್ಲ. ಬಂದೂಕು ಎತ್ತಿದ ಹಾಗೆ ಒಬ್ಬ ಕಣ್ಣಿಗೇನೋ ಏರಿಸಿ ಗುರಿಯಿಟ್ಟರೆ ಯಾರು ತಾನೇ ಹಲ್ಲು ಬಿಡುತ್ತಾರೆ? ಹಿಂದಿನ ಸ್ಟುಡಿಯೋದವರು ಕರಿಬಟ್ಟೆಯೊಳಗೆ ತಲೆ ತೂರಿಸಿ, ಬಗ್ಗಿ ನಿಂತು ಫೋಟೋ ತೆಗೆಯುತ್ತಿದ್ದರು. ವಿನಯ ಅವರ ಕಸುಬಿನಲ್ಲೇ ಇತ್ತು. ಎದೆಯೆತ್ತಿ ನಿಂತು ದಿಟ್ಟಿಸುವ ದುರಹಂಕಾರ ಸಣ್ಣ ಕ್ಯಾಮೆರಾದ್ದು. ಈ ತತ್ವವೆಲ್ಲ ಹೊಳೆದದ್ದು ಅವತ್ತು ಮಧ್ಯಾಹ್ನ ಅವರೆಕಾಳು ಸಾರು ಉಂಡಮೇಲೆ, ಬೇರೆ ದಾರಿಯಿಲ್ಲದೆ ದೊಡ್ಡದನ್ನು ಹೊಟ್ಟೆಗೆ ಏರಿಸಿದಾಗ.

ಕೊಟ್ಟಿಗೆಯ ಹತ್ತಿರ ಕತ್ತು ಬಗ್ಗಿಸಿ ನಿಂತೆ. ಬಾಗಿಲ ಹಿಂದಿನಿಂದ ದನಿ ಬಂತು: "ಏನೇ ಅದು, ಅವರು ಡಬ್ಬದೊಳಗೆ ಏನು ಹುಡುಕ್ತಾವ್ರೆ?"

"ಕೆಟ್ಟೋಗೈತಂತೆ ಕಣಮ್ಮ, ರಿಪೇರಿ ಮಾಡ್ತಾವ್ರೆ" ಎಂದಳು ಮಂಜುಳ. ತವರಿಗೆ ಕಾಲಿಟ್ಟರೆ ಇವಳ ಕನ್ನಡವೂ ಬದಲಾಗುತ್ತದೆ, ಸುಳ್ಳೂ ಸಲೀಸಾಗುತ್ತದೆ. ರಿಪೇರಿ ಮಾಡುವವನ ಮುಂದೆ ನಾಚಿಕೆಯೇನು? ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಬಂದರು, ಹಸುವನ್ನು ಬೈದರು, ಮೊಮ್ಮಗನನ್ನು ಕರೆದರು, ನಕ್ಕರು ಕೂಡ. ನನಗೆ ಬೇಕಾದದ್ದು ಕಣ್ಣೆದುರೇ ಇತ್ತು. ಗಾಜಿನಲ್ಲಿ ಅವರು ಬಲಕ್ಕೆ ಹೋದರು ಅಂತ ನಾನು ಬಲಕ್ಕೆ ತಿರುಗಿದೆ, ಹುಲ್ಲಿನ ಮೆದೆ ಬಂತು. ಎಡಕ್ಕೆ ತಿರುಗಿದೆ, ಹಸುವಿನ ಬಾಲ ಬಂತು. ಹೀಗೇ ಬಾಲ, ಮೆದೆ, ಬಾಲ ಅಂತ ರೀಲು ಕರಗಿ ಕೊನೆಗೆ ಒಂದೇ ಒಂದು ಉಳಿಯಿತು.

ಅಷ್ಟರಲ್ಲಿ ಅತ್ತೆ ಎರಡೂ ತೋಳು ತುಂಬ ಹಸಿಹುಲ್ಲು ತಬ್ಬಿಕೊಂಡು ನೇರ ನನ್ನ ಕಡೆಗೇ ಬಂದರು. ಪುಣ್ಯಕ್ಕೆ ಎಡವೂ ಇಲ್ಲ, ಬಲವೂ ಇಲ್ಲ. ತೀರಾ ಹತ್ತಿರವಾದರು ಅಂತ ಗಾಜಿನಿಂದ ಕಣ್ಣು ತೆಗೆಯದೆ ಒಂದು ಹೆಜ್ಜೆ ಹಿಂದಕ್ಕಿಟ್ಟೆ. ಅಲ್ಲಿ ಹಸುಗಳಿಗೆ ಕಲಗಚ್ಚು ತುಂಬಿಟ್ಟ ಬಾನಿಯಿತ್ತು. ವಿಜ್ಞಾನದ ಮೇಷ್ಟ್ರು ಅದರಲ್ಲಿ ಕೂತರು. ಕ್ಯಾಮೆರಾ ಒದ್ದೆಯಾಗಲಿಲ್ಲ, ಉಳಿದದ್ದೆಲ್ಲ ಆಯಿತು. ಅತ್ತೆ ತಲೆ ಹಿಂದಕ್ಕೆ ಹಾಕಿ ನಕ್ಕರು ನೋಡಿ, ಸೆರಗು ಹಿಡಿಯಲು ಕೈ ಖಾಲಿಯಿರಲಿಲ್ಲ. ನನ್ನ ಬೆರಳು ಗುಂಡಿ ಒತ್ತಿದ್ದು ಬೀಳುವ ಮೊದಲೋ ಆಮೇಲೋ ದೇವರಾಣೆ ಗೊತ್ತಿಲ್ಲ.

ಸೋಮವಾರ ಹಲ್ಲು ಹೋದವು. ರೀಲು ತೊಳೆಯಲು ಬೆಂಗಳೂರಿಗೆ ಹೋಯಿತು. ಮಂಜುಳ ದಿನವೂ "ಬಂತಾ?" ಎಂದು ಕೇಳುತ್ತಿದ್ದಳು. ನನಗೆ ನಿಜವಾಗಲೂ ಭಯವಾಗಿತ್ತು. ಇನ್ನೊಂದು ಸಲ ತೆಗೆಯೋಣವೆಂದರೆ ಹಲ್ಲೇ ಇಲ್ಲ.

ಬಂತು. ಸ್ವಲ್ಪ ಓರೆ, ಕೆಳಗಿನಿಂದ ತೆಗೆದದ್ದು, ಮೂಲೆಯಲ್ಲಿ ನನ್ನದೇ ಮೊಣಕಾಲು ಅಂತ ಕಾಣುವ ಏನೋ ಒಂದು. ನಡುವೆ ಹುಲ್ಲಿನ ಹೊರೆ, ಅದರ ಮೇಲೆ ಬಾಯಿ ತುಂಬ ನಗು, ಏರುಹಲ್ಲು. ಮಂಜುಳ ನೋಡಿ ನಕ್ಕಳು, ಆಮೇಲೆ ಅತ್ತಳು. ನಕ್ಕಾಗ ಅದೇ ಹಲ್ಲು ಇವಳ ಬಾಯಲ್ಲೂ ಕಂಡಿತು.

ಗೋಡೆಯಷ್ಟಲ್ಲದಿದ್ದರೂ ಕ್ಯಾಲೆಂಡರಿನಷ್ಟು ಹಿಗ್ಗಿಸಿ, ಕಟ್ಟು ಹಾಕಿಸಿ ಕುಂದಾಣಕ್ಕೆ ಒಯ್ದೆವು. ಫೋಟೋ ಬಾಗಿಲ ಹಿಂದಕ್ಕೆ ಹೋಯಿತು. ಆಮೇಲೆ ಅತ್ತೆ ಹೊಸಿಲು ದಾಟಿ ಬಂದು ನನ್ನ ಎದುರಿಗೇ ನಿಂತರು. ಹೊಸ ಹಲ್ಲುಗಳು ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿದ್ದವು. ಕೊಂಡುಕೊಂಡ ಹಲ್ಲಿಗೆ ನಾಚಿಕೆಯೇಕೆ ಅಂತಲೋ ಏನೋ, ಸೆರಗು ಮೇಲೇಳಲಿಲ್ಲ.

"ಚೆನ್ನಾಗೈತೆ ಮೇಷ್ಟ್ರೇ" ಎಂದರು. ಇಷ್ಟು ವರ್ಷದಲ್ಲಿ ನನಗೇ ಅಂತ ಆಡಿದ ಮೊದಲ ಮಾತು. "ಆದ್ರೆ ನಾನು ಇಷ್ಟೊಂದು ನಕ್ಕಿದ್ದು ಯಾಕೆ ಅಂತ ನೋಡ್ದೋರಿಗೆ ಹೆಂಗೆ ಗೊತ್ತಾಗ್ತದೆ? ಬಿದ್ದೋರೇ ಇದ್ರಲ್ಲಿ ಇಲ್ವಲ್ಲ!"

ಯಾವ ಕ್ಯಾಮೆರಾ ಮೇಲು ಅಂತ ಈಗ ಬಸ್ಸಿನಲ್ಲಿ ಯಾರಾದರೂ ಕೇಳಿದರೆ ನಾನು ಚುಟುಕಾಗಿ ಮುಗಿಸುತ್ತೇನೆ. ಸಣ್ಣ ರೀಲಾಗಲಿ ದೊಡ್ಡ ರೀಲಾಗಲಿ, ಬಿದ್ದವನಿಗೆ ಅದರಲ್ಲಿ ಜಾಗವಿಲ್ಲ. ಅವನು ಎದ್ದು ಪ್ಯಾಂಟು ಹಿಂಡಿಕೊಳ್ಳಬೇಕು, ಅಷ್ಟೆ. ಫೋಟೋ ಮಾತ್ರ ಚೆನ್ನಾಗಿ ಬಂದಿದೆ.