ದಾರ ಪೋಣಿಸಿ ಓದಿದ ಪ್ರಕಾಶಕರು

ಅವರ ಬಲಗೈ ಹೆಬ್ಬೆರಳಿನ ಉಗುರು ಎಮ್ಮೆ ಕೊಂಬಿನಷ್ಟು ಗಟ್ಟಿ. ಅಚ್ಚಾದ ಹಾಳೆಯನ್ನು ಮಡಿಸಿ ಆ ಉಗುರಿನಿಂದ ಒಮ್ಮೆ ಎಳೆದರೆ ಸಾಕು, ಮಡಿಕೆ ಕೂತುಬಿಡುತ್ತಿತ್ತು. ಚಾಮರಾಜನಗರದ ಪೇಟೆಯಲ್ಲಿ ಅವರದು ಒಂದೇ ಬಾಗಿಲಿನ ಅಂಗಡಿ. ಮುಂದುಗಡೆ ಬೈಂಡಿಂಗ್, ಹಿಂದುಗಡೆ ಪ್ರಕಾಶನ. ಪ್ರಕಾಶನವೆಂದರೆ ವರ್ಷಕ್ಕೆ ಎರಡೋ ಮೂರೋ ಮಕ್ಕಳ ಪುಸ್ತಕ, ಅಷ್ಟೆ. ಊರಿಗೆಲ್ಲ ಅವರು ಸಾಹೇಬರು. ನನ್ನ ಕೋಪಕ್ಕೆ ಹೆದರದವರು ನಮ್ಮ ಕಡೆ ಕಡಿಮೆ, ಅವರೊಬ್ಬರು ಹೆದರಲಿಲ್ಲ.

ಆಗಿನ್ನೂ ಮೊಬೈಲು ಎಲ್ಲರ ಕೈಗೆ ಬಂದಿರಲಿಲ್ಲ. ನಾನು ಗುಂಡ್ಲುಪೇಟೆಯಲ್ಲಿ ಏಳನೇ ತರಗತಿಗೆ ಟೀಚರು. ಶನಿವಾರ ಶನಿವಾರ ಮಕ್ಕಳಿಗೆ ಕಥೆ ಹೇಳುತ್ತಾ ನಡುವೆ ನಿಲ್ಲಿಸಿ, "ಈಗ ಇವಳು ಏನು ಮಾಡಬೇಕು?" ಎಂದು ಕೇಳುತ್ತಿದ್ದೆ. ಯಾವ ಕಡೆಗೆ ಹೆಚ್ಚು ಕೈ ಮೇಲೇಳುತ್ತವೋ ಕಥೆ ಆ ಕಡೆಗೆ ಹೋಗುತ್ತಿತ್ತು. ಹಾಗೆ ಬೆಳೆದದ್ದು, ಹರವೆಯ ಅಜ್ಜಿ ಮನೆಗೆ ಒಬ್ಬಳೇ ಹೊರಟು ಬಸ್ಸಿನಲ್ಲಿ ಟಿಕೆಟ್ ಕಳೆದುಕೊಂಡ ಹುಡುಗಿಯ ಕಥೆ. ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದೆ. "ಕಂಡಕ್ಟರಿಗೆ ನಿಜ ಹೇಳುವುದಾದರೆ ಐವತ್ತೆರಡನೇ ಪುಟಕ್ಕೆ ಹೋಗಿ. ಅಮ್ಮ ಹಿಂದಿನ ಸೀಟಿನಲ್ಲಿದ್ದಾಳೆ ಎಂದು ಸುಳ್ಳು ಹೇಳುವುದಾದರೆ ಹದಿನೆಂಟಕ್ಕೆ." ಓದುವವರೇ ದಾರಿ ಆರಿಸಿಕೊಳ್ಳುವ ಪುಸ್ತಕ. ಪರೀಕ್ಷೆ ಮುಗಿಯುವುದರೊಳಗೆ ನಿಮ್ಮ ಕೈಗೆ ಕೊಡುತ್ತೇನೆ ಎಂದು ಮಕ್ಕಳಿಗೆ ಮಾತು ಕೊಟ್ಟುಬಿಟ್ಟೆ. ಆಮೇಲೆ ಅವರೆಲ್ಲ ಬೇರೆ ಬೇರೆ ಹೈಸ್ಕೂಲಿಗೆ ಹೋಗುವವರು.

ನೋಟ್‌ಬುಕ್ಕನ್ನು ಸಾಹೇಬರಿಗೆ ಕೊಟ್ಟು ಮೂರು ವಾರ ಕಳೆಯಿತು. ಕೇಳಿದಾಗಲೆಲ್ಲ "ಓದ್ತಾ ಇವ್ನಿ ಟೀಚರಮ್ಮ" ಅನ್ನುವುದೇ. ಅರವತ್ತು ಪುಟ ಓದುವುದಕ್ಕೆ ಮೂರು ವಾರವೇ? ನನ್ನ ಮೈಯೆಲ್ಲ ಉರಿದುಹೋಯಿತು. ಗುಂಡ್ಲುಪೇಟೆಯಲ್ಲೇ ಲಗ್ನಪತ್ರಿಕೆ ಹಾಕುವ ಪ್ರೆಸ್ಸಿಗೆ, ಮೊದಲೇ ಮಾಡಿಸಿಟ್ಟುಕೊಂಡಿದ್ದ ಜೆರಾಕ್ಸ್ ಪ್ರತಿ ಕೊಟ್ಟು, "ನನ್ನ ಕಾಸು, ನನ್ನ ಪುಸ್ತಕ. ಪ್ರೂಫ್ ಗೀಫ್ ಏನೂ ಬೇಡ, ಅಚ್ಚು ಹಾಕಿ" ಎಂದೆ. ಸೋಮವಾರ ಅಚ್ಚು ಶುರು ಎಂದರು. ಆ ಸೋಮವಾರ ರಜೆ ಹಾಕಿ, ನೋಟ್‌ಬುಕ್ಕು ವಾಪಸು ತರಲು ಚಾಮರಾಜನಗರಕ್ಕೆ ಹೋದೆ. ಮನಸ್ಸಿನಲ್ಲಿ ಬೈಗುಳ ಜೋಡಿಸಿಕೊಂಡೇ ಬಸ್ಸು ಇಳಿದೆ.

ಸಾಹೇಬರು ನೋಟ್‌ಬುಕ್ಕು ಮುಂದಿಟ್ಟರು. ಅಯ್ಯೋ, ಅದರ ಅವಸ್ಥೆಯೇ! ಪ್ರತಿ ಹಾಳೆಯ ಅಂಚಿಗೂ ದಬ್ಬಳದಲ್ಲಿ ತೂತು ಹಾಕಿ, ಎಲ್ಲಿಂದ ಎಲ್ಲಿಗೆ ಹೋಗಿ ಎಂದು ನಾನು ಬರೆದಿದ್ದೆನೋ ಅಲ್ಲಿಂದ ಅಲ್ಲಿಗೆ ಹೊಲಿಗೆ ದಾರ ಎಳೆದಿದ್ದರು. ಒಂದೊಂದು ದಾರಿಗೆ ಒಂದೊಂದು ಬಣ್ಣ.

"ಏನ್ರೀ ಇದು ನನ್ನ ಪುಸ್ತಕದ ಗತಿ?" ಎಂದು ಕೂಗಿದೆ.

"ಕೋಪ ಆಮೇಲೆ ಮಾಡ್ಕಳಿ. ಮೊದ್ಲು ಈ ಕೆಂಪು ದಾರ ಹಿಡ್ಕಂಡು ಹೋಗಿ," ಎಂದರು.

ಕೆಂಪು, ನಿಜ ಹೇಳುವ ದಾರಿ. ಹಿಡಿದೆ. ಹುಡುಗಿ ನಿಜ ಹೇಳುತ್ತಾಳೆ. ಕಂಡಕ್ಟರು ಉಡಿಗಾಲದಲ್ಲಿ ಇಳಿಸುತ್ತಾನೆ. ಟೀ ಅಂಗಡಿಯವರು ಕರುಣೆಯಿಂದ ಮುಂದಿನ ಬಸ್ಸು ಹತ್ತಿಸುತ್ತಾರೆ. ಅಲ್ಲಿ ಮತ್ತೆ ಟಿಕೆಟ್ ಎಲ್ಲಿ ಎಂದು ಕೇಳುತ್ತಾರೆ. ಮತ್ತೆ ಐವತ್ತೆರಡನೇ ಪುಟ, ಮತ್ತೆ ಉಡಿಗಾಲ. ದಾರ ಸುತ್ತಿ ಸುತ್ತಿ ಗಂಟಾಗಿತ್ತು. ಸುಳ್ಳು ಹೇಳಿದ ಹುಡುಗಿ ಮಾತ್ರ ನಾಲ್ಕೇ ಪುಟಕ್ಕೆ ಅಜ್ಜಿಯ ಮಡಿಲಲ್ಲಿದ್ದಳು.

ತಪ್ಪು ಎಲ್ಲಾಯಿತೆಂದು ತಕ್ಷಣ ಹೊಳೆಯಿತು. ತರಗತಿಯಲ್ಲಿ ಮಕ್ಕಳು ಪ್ರತಿ ಸಲ ಸುಳ್ಳಿಗೇ ಕೈ ಎತ್ತಿದ್ದರು, ಅದೇ ಮಜಾ ಅಂತ. ನಿಜದ ದಾರಿಯಲ್ಲಿ ಯಾರೂ ನಡೆದೇ ಇರಲಿಲ್ಲ. ನಾನು ಬರೆಯುವಾಗ ಏನೋ ಒಂದು ತುರುಕಿದ್ದೆ.

"ನಿಜ ಹೇಳಿದ್ ಮಗೀನ ಮನೆಗೆ ಸೇರ್ಸದೆ ಬುಟ್ರೆ ಹೆಂಗೆ ಟೀಚರಮ್ಮ?" ಎಂದರು ಸಾಹೇಬರು. ಆಮೇಲೆ ಇನ್ನೊಂದು ಕೇಳಿದರು. "ಪುಟದ ನಂಬರು ನೋಟ್‌ಬುಕ್ಕಿಂದಲ್ವಾ? ಅಚ್ಚಾದ್ರೆ ಪುಟ ಬದಲಾಯ್ತವಲ್ಲ?"

ಗುಂಡ್ಲುಪೇಟೆಯಲ್ಲಿ ಇವತ್ತೇ ಅಚ್ಚು ಶುರುವಾಗುವ ವಿಷಯ ಬಾಯಿಬಿಟ್ಟೆ. ಅವರು ಆ ಪ್ರೆಸ್ಸಿಗೆ ಫೋನು ತಿರುಗಿಸಿದರು. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ. ಯಾರೂ ಎತ್ತಲಿಲ್ಲ.

"ನಡೀರಿ, ಹೋಗನ," ಎಂದು ಅಂಗಡಿ ಬಾಗಿಲು ಎಳೆದೇಬಿಟ್ಟರು. ಮಂಡಿನೋವಿನ ಮನುಷ್ಯ, ನೋಟ್‌ಬುಕ್ಕು ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ನಿಂತೇ ಬಂದರು. ತೆರಕಣಾಂಬಿಯಲ್ಲಿ ಡ್ರೈವರು ಟೀ ಕುಡಿಯಲು ಇಳಿದಾಗ ನನಗೆ ಅಳುವೇ ಬಂತು.

ಪ್ರೆಸ್ಸಿನಲ್ಲಿ ಮೆಷಿನ್ನು ಓಡುತ್ತಿತ್ತು. ಮೊದಲ ಹಾಳೆಗಳು ರಾಶಿ ಬಿದ್ದಿದ್ದವು. "ಅರ್ಜೆಂಟು ಅಂದ್ರಲ್ಲ ಮೇಡಂ, ಶುರು ಮಾಡ್ಬುಟ್ಟೊ," ಎಂದರು ಯಜಮಾನರು. ಸಾಹೇಬರು ಒಂದು ಹಾಳೆ ಎತ್ತಿ, ಮಡಿಸಿ, ಉಗುರು ಎಳೆದು ನನ್ನ ಕೈಗೆ ಕೊಟ್ಟರು. "ಐವತ್ತೆರಡನೇ ಪುಟಕ್ಕೆ ಹೋಗಿ" ಎಂದು ಚೆನ್ನಾಗಿಯೇ ಅಚ್ಚಾಗಿತ್ತು. ಆದರೆ ಸಣ್ಣ ಅಕ್ಷರದಲ್ಲಿ ಇಡೀ ಪುಸ್ತಕ ಮೂವತ್ತೆಂಟನೇ ಪುಟಕ್ಕೇ ಮುಗಿಯುತ್ತಿತ್ತು.

ಯಜಮಾನರದು ತಪ್ಪಿರಲಿಲ್ಲ, ಕೊಟ್ಟದ್ದನ್ನು ಹಾಕಿದ್ದರು. ಸಾಹೇಬರು ನನ್ನನ್ನು ಬಾಗಿಲ ಹೊರಗೆ ಕರೆದು ಹೇಳಿದರು. "ಈಗ ನೀವೇ ಆರಿಸ್ಕಳಿ. ಹಿಂಗೇ ಮುಗ್ಸಿದ್ರೆ ಪರೀಕ್ಷೆಯೊಳ್ಗೆ ಮಕ್ಕಳ ಕೈಗೆ ಸಿಕ್ತದೆ. ನನ್ ಜೊತೆ ಬಂದ್ರೆ ಮಳೆಗಾಲ ಆಯ್ತದೆ. ಪುಟದ ನಂಬರು ಬೇಡ, ಕಥೆಯ ತುಣುಕಿಗೇ ನಂಬರು ಕೊಡನ. ಪ್ರಕಾಶಕ ಅಂದ್ರೆ ಬೈಗುಳದಲ್ಲಿ ಪಾಲುದಾರ ಕಣಮ್ಮ. ಪುಸ್ತಕ ಕೆಟ್ರೆ ನಂಗೂ ಬಯ್ಯಬೇಕು ಜನ, ಅದ್ಕೇ ನಾನು ನಿಧಾನ."

ಮಾತು ಕೊಟ್ಟಿದ್ದೆನಲ್ಲ, ಆ ಮಕ್ಕಳ ಮುಖ ಕಣ್ಣ ಮುಂದೆ ಬಂತು. ಒಳಗೆ ಮೆಷಿನ್ನು ಹಾಳೆ ಉಗುಳುತ್ತಲೇ ಇತ್ತು. ಕೊನೆಗೆ ಒಳಗೆ ಹೋಗಿ "ನಿಲ್ಲಿಸಿ" ಎಂದೆ. ನನ್ನ ಜೀವನದಲ್ಲಿ ಅಷ್ಟು ಮೆತ್ತಗೆ ನಾನು ಮಾತಾಡಿದ್ದಿಲ್ಲ.

ಮಾರನೆಯ ದಿನ ತರಗತಿಯಲ್ಲಿ ಹೇಳಿದಾಗ ಯಾರೂ ಗಲಾಟೆ ಮಾಡಲಿಲ್ಲ. "ಮಿಸ್, ನೀವು ಪ್ರಾಮಿಸ್ ಮಾಡಿದ್ರಿ," ಎಂದು ಒಬ್ಬಳು ಅಂದಳು, ಅಷ್ಟೆ. ಅದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ವಾಸಿಯಿತ್ತು. ಸಾಹೇಬರಿಗೆ ಫೋನಿನಲ್ಲಿ ಹೇಳಿಕೊಂಡೆ. ಅವರು ಒಂದು ಕಟ್ಟು ಒಳ್ಳೆಯ ಹಾಳೆ ಕಳಿಸಿದರು, ಒಂದೊಂದು ಮಗು ಒಂದೊಂದು ತುಣುಕು ಬರೆಯಲಿ ಎಂದು. ನಿಜ ಹೇಳಿದವಳೂ ಅಜ್ಜಿ ಮನೆ ಸೇರುವಂತೆ ತಿದ್ದಿದ ಕಥೆಯನ್ನು ಮಕ್ಕಳು ಬರೆದರು, ಅವರು ಹೊಲಿದು ಕೆಂಪು ರಟ್ಟು ಹಾಕಿದರು. ಕೊನೆಯ ದಿನ ಆ ಒಂದೇ ಪ್ರತಿಯನ್ನು ಇಡೀ ತರಗತಿ ಓದಿತು. ಅಚ್ಚಿನ ಪುಸ್ತಕ ಮಳೆಗಾಲಕ್ಕೆ ಬಂತು. ಆ ಮಕ್ಕಳಲ್ಲಿ ಸಿಕ್ಕವರಿಗೆ ಕೊಟ್ಟೆ. ಸಿಗದವರ ನೆನಪಾದರೆ ಇವತ್ತಿಗೂ ಸಂಕಟವಾಗುತ್ತದೆ.

ಆಮೇಲೆ ಮೂರು ಪುಸ್ತಕ ಅವರೇ ತಂದರು. ಪ್ರತಿಯೊಂದಕ್ಕೂ ದಾರ, ಪ್ರತಿಯೊಂದಕ್ಕೂ ಜಗಳ.

ಅವರು ತೀರಿಕೊಂಡ ಸುದ್ದಿ ನನಗೆ ನಾಲ್ಕು ದಿನ ತಡವಾಗಿ ತಿಳಿಯಿತು. ಮನೆಗೆ ಹೋದೆ. ಅವರ ಹೆಂಡತಿ, ಮನೆಯಲ್ಲಿ ಉರ್ದುವನ್ನೇ ಹೆಚ್ಚು ಆಡುವವರು, ನನ್ನ ಮೊದಲ ಪುಸ್ತಕ ತಂದು ಕೈಗಿಟ್ಟರು. "ಆಸ್ಪತ್ರೇಲಿ ದಿನಾ ಸೊಸೆ ಹತ್ರ ಓದ್ಸೋರು. ಅವಳು ಬೇರೆ ದಾರಿ ಹಿಡಿದ್ರೆ ಬೈಯೋರು. ಮಗು ನಿಜಾನೇ ಹೇಳ್ಬೇಕು, ಅಂತ. ಕೊನೇ ದಿನ ಅರ್ಧ ಓದೋವಾಗ ಕಣ್ಣು ಮುಚ್ಚಿದ್ರು. ಆ ಹುಡುಗಿ ಇನ್ನೂ ಬಸ್ಸಲ್ಲೇ ಇದ್ಳು."

ಗುರುತಿಗೆ ಇಟ್ಟ ಕೆಂಪು ದಾರ ಪುಟಗಳ ನಡುವೆ ಹಾಗೇ ಇತ್ತು. ಅಲ್ಲೇ ಅವರ ಮಂಚದ ಪಕ್ಕ ಚಾಪೆಯ ಮೇಲೆ ಕೂತು, ಉಳಿದ ಎರಡು ತುಣುಕು ಗಟ್ಟಿಯಾಗಿ ಓದಿದೆ. ಹುಡುಗಿ ಹರವೆಯಲ್ಲಿ ಇಳಿದು ಅಜ್ಜಿಯ ಬಾಗಿಲು ತಟ್ಟಿದಳು.