ನಮ್ಮ ಮನೆಯವರು

ಮಿಸ್ ಅವರ ಬಲಗೈ ತೋರುಬೆರಳಿನ ತುದಿ ಸದಾ ಬಿರುಕು ಬಿಟ್ಟಿರುತ್ತಿತ್ತು. ಬದುಕಿಡೀ ಸೀಮೆಸುಣ್ಣ ಹಿಡಿದು ಒಡೆದ ಬೆರಳು ಅದು. ಅದಕ್ಕೆ ಹರಳೆಣ್ಣೆ ಸವರಿಕೊಂಡು, ಆಮೇಲೆ ಅದೇ ಒಂದು ಬೆರಳಿನಿಂದ ಲ್ಯಾಪ್‌ಟಾಪ್ ಕುಟ್ಟುತ್ತಿದ್ದರು. ಅವರ ಕೀಲಿಮಣೆ ಮುಟ್ಟಿದವರ ಕೈಯೆಲ್ಲ ಜಿಡ್ಡು. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು. ನಿವೃತ್ತರಾದ ಮೇಲೂ ಬಸವೇಶ್ವರನಗರದ ನಮ್ಮ ಬೀದಿಗೆಲ್ಲ ಅವರು ಮಿಸ್ಸೇ. ತರಕಾರಿ ಗಾಡಿಯವನೂ "ಮಿಸ್, ಹುರುಳಿಕಾಯಿ ಎಳೇದಿದೆ" ಎಂದು ಕೂಗುತ್ತಿದ್ದ.

ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಕನ್ನಡ ವಿಶ್ವಕೋಶವೊಂದು ಅಂತರಜಾಲದಲ್ಲಿದೆಯಲ್ಲ, ನಿವೃತ್ತಿಯ ನಂತರ ಮಿಸ್ ಅದಕ್ಕೆ ಅಂಟಿಕೊಂಡರು. ಭಾನುವಾರ ಬೆಳಿಗ್ಗೆ ನಾನೂ ಹೋಗಿ ಪಕ್ಕದಲ್ಲಿ ಕೂತು ಕಲಿಯುತ್ತಿದ್ದೆ. ಅವರು ಹೊಸದಾಗಿ ಬರೆದದ್ದಕ್ಕಿಂತ ಹೊಡೆದುಹಾಕಿದ್ದೇ ಹೆಚ್ಚು. 'ಖ್ಯಾತ' ಎಂಬ ಪದ ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ನಿಜವಾಗ್ಲೂ ಖ್ಯಾತರಾಗಿದ್ರೆ ಖ್ಯಾತ ಅಂತ ಯಾಕೆ ಹೇಳ್ಬೇಕು, ಹೇಳು?" ಎನ್ನುತ್ತ ಕುಟ್ಟಿ ಅಳಿಸುತ್ತಿದ್ದರು.

ತಮ್ಮ ತುತ್ತೂರಿ ತಾವೇ ಊದಿಕೊಳ್ಳುವವರಿಗೆ ಅಲ್ಲಿ ಬರವಿರಲಿಲ್ಲ. ತಮ್ಮ ಪುಟ ತಾವೇ ಬರೆದು, ಆಧಾರವೆಂದು ತಮ್ಮದೇ ಬ್ಲಾಗನ್ನು ತೋರಿಸುವವರಿದ್ದರು. ನಾಚಿಕೆ ಇದ್ದವರು ಅಳಿಯನ ಕೈಲಿ ಬರೆಸುತ್ತಿದ್ದರು. ಅಲ್ಲಿಯ ನಿಯಮದ ಭಾಷೆಯಲ್ಲಿ ಇದಕ್ಕೆ ಹಿತಾಸಕ್ತಿ ಸಂಘರ್ಷ ಎಂದು ಹೆಸರು. ಮಿಸ್ ಅದನ್ನು ಒಂದು ಗಾದೆಯಲ್ಲಿ ಮುಗಿಸುತ್ತಿದ್ದರು: "ಹೆತ್ತವರಿಗೆ ಹೆಗ್ಗಣ ಮುದ್ದು. ಹಾಗಂತ ಹೆಗ್ಗಣಾನ ವಿಶ್ವಕೋಶದೊಳಗೆ ಬಿಡೋಕಾಗಲ್ಲ ಕಣೇ." ಶಿಷ್ಯೆಯೊಬ್ಬಳು ಬರೆಯುತ್ತಿರುವ ಈ ಬರಹವನ್ನೂ ಅವರು ಖಂಡಿತ ಅಳಿಸಿಹಾಕುತ್ತಿದ್ದರು.

ಅವರ ಗಂಡ, ನಾವು ಅಂಕಲ್ ಎನ್ನುತ್ತಿದ್ದವರು, ಬೋರ್ಡ್ ಬರೆಯುವ ಕಲಾವಿದರು. ಫ್ಲೆಕ್ಸ್ ಬರುವ ಮುಂಚೆ ರಾಜಾಜಿನಗರದಿಂದ ಸುಂಕದಕಟ್ಟೆಯವರೆಗೆ ಹಿಟ್ಟಿನ ಗಿರಣಿ, ಸೈಕಲ್ ಶಾಪು, ಶಾಲೆ, ಛತ್ರ, ಎಲ್ಲೆಲ್ಲೂ ಅವರ ಕುಂಚದ ಅಕ್ಷರಗಳೇ. ಅವರು ಬರೆದ 'ಳ'ಕಾರವನ್ನು ಬಸ್ಸಿನ ಕಿಟಕಿಯಿಂದಲೇ ಗುರುತು ಹಿಡಿಯಬಹುದಿತ್ತು. ಯಾವ ಬೋರ್ಡಿನ ಮೂಲೆಯಲ್ಲೂ ತಮ್ಮ ಹೆಸರು ಹಾಕಿದವರಲ್ಲ. ಮಿಸ್ ಕೂಡ ಆ ಹೆಸರನ್ನು ಬಾಯಲ್ಲಿ ಆಡಿದವರಲ್ಲ. ಎಷ್ಟು ಓದಿದ್ದರೂ ಆ ವಿಷಯದಲ್ಲಿ ಹಳೇ ಕಾಲದವರು. ನಮ್ಮ ಮುಂದೆ "ನಮ್ಮ ಮನೆಯವರು", ಎದುರಿಗೆ "ರೀ", ಅಷ್ಟೆ. ಪಾರ್ಶ್ವವಾಯು ಬಡಿದು ಅಂಕಲ್ ಬಲಗೈ ಸ್ವಾಧೀನ ತಪ್ಪಿದಾಗ, "ನಮ್ಮ ಮನೆಯವರ ಕೈ ಹೋಯ್ತು ಕಣೇ" ಎಂದು ನನ್ನ ಹೆಗಲ ಮೇಲೆ ಅತ್ತಿದ್ದರು.

ಅಪ್ಪ ಇರುವಾಗಲೇ ಅವರ ಹೆಸರು ಎಲ್ಲಾದರೂ ಒಂದು ಕಡೆ ಇರಲಿ ಎಂದು, ಮಹಾಲಕ್ಷ್ಮಿ ಲೇಔಟಿನಲ್ಲಿದ್ದ ಮಗಳು ಅಮ್ಮನಿಗೆ ಹೇಳದೆ ಆ ವಿಶ್ವಕೋಶದಲ್ಲಿ ಅಪ್ಪನ ಬಗ್ಗೆ ಒಂದು ಪುಟ ಬರೆದಳು. ಅದರಲ್ಲಿ ಒಂದೂ ಸುಳ್ಳಿರಲಿಲ್ಲ, 'ಖ್ಯಾತ'ವೂ ಇರಲಿಲ್ಲ. ಅಂಕಲ್ ಎಡಗೈಯಲ್ಲಿ ಮೊಬೈಲ್ ಹಿಡಿದು ಬಹಳ ಹೊತ್ತು ನೋಡಿ, "ಅಕ್ಷರ ಇನ್ನೊಂಚೂರು ದುಂಡಗಿರ್ಬೇಕಿತ್ತು" ಎಂದರಂತೆ. ಆಮೇಲೆ ಪ್ರತಿ ಸಂಜೆ ಕಾಫಿ ಕುಡಿದು, "ಎಲ್ಲೇ, ನನ್ ಬೋರ್ಡ್ ತೋರ್ಸು" ಎಂದು ಮಿಸ್ಸನ್ನು ಕೇಳುತ್ತಿದ್ದರು. ಮಿಸ್ ಮೊದಲು ಬೆಚ್ಚಿಬಿದ್ದರು, ಆಮೇಲೆ ತೆಪ್ಪಗಾದರು. "ನಾನು ನೋಡೇ ಇಲ್ಲ ಅಂದ್ಕೊಳ್ತೀನಿ" ಎಂದರು. ಬಂಡೆಯೂ ಕರಗುತ್ತದಲ್ಲ ಎಂದು ನನಗೆ ಒಳಗೊಳಗೇ ಖುಷಿ.

ಅದು ಹೆಚ್ಚು ದಿನ ನಡೆಯಲಿಲ್ಲ. ಕಾಮಾಕ್ಷಿಪಾಳ್ಯದ ಸಮಾಜಸೇವಕರೊಬ್ಬರ ಪುಟವನ್ನು, ಬರೆದವನು ಅವರ ಅಳಿಯ ಎಂಬ ಕಾರಣಕ್ಕೆ ಮಿಸ್ ತೆಗೆಸಿದ್ದರು. ಆ ಅಳಿಯ ಹಲ್ಲು ಮಸೆಯುತ್ತ ಕಾದಿದ್ದ. ಹೊಸ ಪುಟಗಳನ್ನೆಲ್ಲ ಜಾಲಾಡಿ, ಎಲ್ಲರಿಗೂ ಕಾಣುವಂತೆ ಚರ್ಚೆಯ ಪುಟದಲ್ಲಿ ಬರೆದ: "ನಮ್ಮ ಮಾವನ ಪುಟ ಇರಬಾರದು, ಬೋರ್ಡ್ ಬರೆಯೋರ ಪುಟ ಇರಬಹುದಾ ಮೇಡಂ? ಇದಕ್ಕೆ ಆಧಾರ ಎಲ್ಲಿದೆ?" ಅಂಕಲ್ ಮಿಸ್ಸಿಗೆ ಏನಾಗಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಬೋರ್ಡ್ ಬರೆಯುವವರ ಬಗ್ಗೆ ಯಾವ ಪತ್ರಿಕೆ ಬರೆದಿರುತ್ತದೆ?

ಆ ಭಾನುವಾರ ನಾನು ಹೋಗುವಷ್ಟರಲ್ಲಿ ಮಿಸ್ ಉತ್ತರ ಬರೆದಾಗಿತ್ತು. "ಇವರು ನಮ್ಮ ಮನೆಯವರು. ಬರೆದವಳು ಮಗಳು. ಹೊರಗಿನ ಆಧಾರವಿಲ್ಲ. ನಾನು ತೀರ್ಮಾನಿಸುವಂತಿಲ್ಲ, ಉಳಿದವರು ತೀರ್ಮಾನಿಸಿ." ಅದರ ಕೆಳಗೆ ಇನ್ನೊಬ್ಬ ಸಂಪಾದಕರ ಪ್ರಶ್ನೆ: "ಮನೆಯವರು ಎಂದರೆ ಕುಟುಂಬದವರೇ, ಪತಿಯೇ? ದಯವಿಟ್ಟು ಹೆಸರು ಸಹಿತ ಸಂಬಂಧ ಸ್ಪಷ್ಟಪಡಿಸಿ."

ಮಿಸ್ ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿದರು. "ನೀನೇ ಒತ್ತು ಕಣೇ ಅವ್ರ ಹೆಸರು. ನನ್ ಕೈಲಿ ಆಗಲ್ಲ."

"ನಾನು ಒತ್ತಲ್ಲ ಮಿಸ್. ಸುಮ್ನೆ ಬಿಟ್ಬಿಡಿ. ಒಂದು ಪುಟ ಇದ್ರೆ ಯಾರಪ್ಪನ ಗಂಟು ಹೋಗುತ್ತೆ?"

"ಬೇರೆಯವ್ರದ್ದು ತೆಗೆಯೋವಾಗ ನೀನು ಹಿಂಗಂದಿಲ್ವಲ್ಲ."

ಅಪ್ಪನನ್ನು ನೋಡಲು ಬಂದಿದ್ದ ಮಗಳು ಒಳಗಿನಿಂದ ಬಂದು ನಿಂತಳು. "ಅಮ್ಮ, ಬೇಕಾದ್ರೆ ಬೇರೆಯವ್ರು ಅಳಿಸ್ಲಿ. ನೀನಾಗಿ ಹೇಳ್ಬೇಡ. ಅಪ್ಪ ದಿನಾ ನೋಡ್ತಾರೆ."

ಮಿಸ್ ಲ್ಯಾಪ್‌ಟಾಪನ್ನು ಮತ್ತೆ ತಮ್ಮ ಕಡೆ ಎಳೆದುಕೊಂಡರು. ಎಣ್ಣೆ ಸವರಿದ ಆ ಬೆರಳಿನಿಂದ ಗಂಡನ ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತಿದರು. ನಡುವೆ ಒಂದು ಒತ್ತಕ್ಷರ ತಪ್ಪಿತು. ಅಳಿಸಿ ಮತ್ತೆ ಒತ್ತಿದರು. ಮುಂದೆ "ನನ್ನ ಪತಿ" ಎಂದು ಸೇರಿಸಿದರು. ನನಗೆ ಅವರ ಮೇಲೆ ಕೆಟ್ಟ ಕೋಪ ಬಂತು. ಕೊಟ್ಟ ಕಾಫಿ ಕುಡಿಯದೆ ಎದ್ದು ಬಂದೆ. ಪುಟ ಆ ವಾರದಲ್ಲೇ ಹೋಯಿತು.

ಅದಾದ ಮೇಲೆ ಸಂಜೆ ಅಂಕಲ್ ಕೇಳಿದರೆ ಮಿಸ್, "ಇವತ್ತು ನೆಟ್ ಇಲ್ಲ ರೀ" ಎನ್ನತೊಡಗಿದರು. ನನ್ನ ಎದುರಿಗೇ ಅಂದದ್ದುಂಟು. ಜನ್ಮದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದವರು, ಹೇಳಿದ ಮೇಲೆ ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ಕೆಲವು ದಿನ ಕಳೆದ ಮೇಲೆ ಅಂಕಲ್ ಕೇಳುವುದನ್ನೇ ಬಿಟ್ಟರು. ಒಂದು ಸಂಜೆ ಮಿಸ್ ತಾವಾಗಿಯೇ "ಇವತ್ತೂ ನೆಟ್ಟು..." ಎಂದು ಶುರುಮಾಡಿದಾಗ, "ಬಿಡೇ ಅತ್ಲಾಗೆ, ನಮ್ಮ ಏರಿಯಾದಲ್ಲಿ ನೆಟ್ ಯಾವತ್ತು ನೆಟ್ಟಗಿತ್ತು?" ಎಂದು ನಕ್ಕರು. ಆ ಮಳೆಗಾಲ ಮುಗಿಯುವ ಮುಂಚೆಯೇ ತೀರಿಕೊಂಡರು.

ಮಿಸ್ ಮತ್ತೆ ವಿಶ್ವಕೋಶದ ಕಡೆ ತಲೆ ಹಾಕಲಿಲ್ಲ. "ಪುಟ ತೆಗೆಸಿದ್ದು ಸರೀನೇ ಕಣೇ, ಅದಕ್ಕೆ ಅಳಲ್ಲ ನಾನು" ಎನ್ನುತ್ತಿದ್ದರು. "ಕೊನೇ ದಿನಗಳಲ್ಲಿ ಅವ್ರಿಗೆ ಸುಳ್ಳು ಹೇಳ್ದೆ. ಪಾಪ, ನಂಬ್ಕೊಂಡೇ ಹೋದ್ರು." ಇದೊಂದೇ ಮಾತು, ಹೋದಾಗಲೆಲ್ಲ. ನಾನು ಎಷ್ಟು ಸಮಾಧಾನ ಹೇಳಿದರೂ ಗೋರ್ಕಲ್ಲ ಮೇಲೆ ಮಳೆ. ಆ ಕೊರಗಿನಲ್ಲೇ ಸೊರಗಿ, ಕಳೆದ ಚಳಿಗಾಲದಲ್ಲಿ ಅವರೂ ಹೋದರು.

ಮಿಸ್ ಅವರ ಶಿವಗಣಾರಾಧನೆಯ ದಿನ, ಊಟದ ಪಂಕ್ತಿ ಎದ್ದ ಮೇಲೆ, ಮಗಳು ನನ್ನ ಪಕ್ಕ ಬಂದು ಕೂತಳು.

"ಅಕ್ಕ, ಅಪ್ಪಂಗೆ ಎಲ್ಲಾ ಗೊತ್ತಿತ್ತು. ಅಮ್ಮಾನೇ ತೆಗೆಸಿದ್ಲು ಅಂತ ಸಿಟ್ಟಲ್ಲಿ ನಾನೇ ಹೇಳ್ಬಿಟ್ಟಿದ್ದೆ. ಅಪ್ಪ ನಕ್ಬಿಟ್ರು. 'ತೆಗೆಸ್ದೆ ಇದ್ದಿದ್ರೇ ನಂಗೆ ಆಶ್ಚರ್ಯ ಆಗ್ತಿತ್ತು. ನಂಗೆ ಗೊತ್ತು ಅಂತ ಅವಳಿಗೆ ಹೇಳ್ಬೇಡ. ಪಾಪ, ನಂಗೋಸ್ಕರ ಸುಳ್ಳು ಹೇಳೋದು ಕಲೀತಿದಾಳೆ' ಅಂದ್ರು."

ನಾನು ಅವಳ ಕಡೆ ತಿರುಗಿದೆ. "ಅಮ್ಮ ಅಷ್ಟು ಕೊರಗ್ತಿದ್ರಲ್ಲೇ, ಒಂದ್ ಮಾತು ಹೇಳ್ಬಾರ್ದಿತ್ತಾ?"

"ಹೇಳಲ್ಲ ಅಂತ ಅಪ್ಪಂಗೆ ಮಾತು ಕೊಟ್ಟಿದ್ದೆ ಅಕ್ಕ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಕೊಟ್ಟ ಮಾತು ಮುರೀಬಾರ್ದು ಅಂತ ಹೊಡೆದು ಕಲಿಸಿದೋಳು ಅಮ್ಮಾನೇ."